ಎತ್ತರಕ್ಕೆ ಬೆಳೆದ ಪುಟ್ಟ ಕಾರು: ಪೆಟ್ಟಿಗೆ ಕ್ರಾಸ್‌ಓವರ್‌ಗಳ ಬೆಳವಣಿಗೆ

ಹ್ಯಾಚ್‌ಬ್ಯಾಕ್ ಕಾರಿನ ತಳಭಾಗದ ಮೇಲೆ ನೆಟ್ಟಗಿನ ಗೋಡೆಗಳೂ ಚಪ್ಪಟೆ ಚಾವಣಿಯೂ ಇರುವ ಒಡಲನ್ನು ಕೂರಿಸಿ, ಗಾಡಿಯನ್ನು ನೆಲದಿಂದ ತುಸು ಮೇಲೆತ್ತಿದರೆ ಪುಟ್ಟ ಪೆಟ್ಟಿಗೆಯಾಕಾರದ ಕ್ರಾಸ್‌ಓವರ್ ಆಗುತ್ತದೆ. ನೋಟಕ್ಕೆ ಜೀಪಿನ ಛಾಯೆ ಇದ್ದರೂ ಜೀಪಿನಂತೆ ಬೇರೆ ಚಾಸಿ ಇದಕ್ಕಿಲ್ಲ. ಒಡಲೇ ಭಾರ ಹೊರುತ್ತದೆ. ಕಂಡವರ ಮುಖದಲ್ಲಿ ನಗು ಮೂಡಿಸುವ ಈ ಆಕಾರ ಹುಟ್ಟಿದ್ದು ಅಲಂಕಾರದ ಆಸೆಯಿಂದಲ್ಲ, ಜಾಗದ ಕೊರತೆಯಿಂದ. ಸರ್ಕಾರದ ನಿಯಮಗಳು ಕಾರಿನ ಉದ್ದಕ್ಕೆ ಮಿತಿ ಹಾಕಿದ ದೇಶಗಳಲ್ಲಿ ಕಾರು ಮೇಲಕ್ಕೆ ಬೆಳೆಯಿತು.

ಇದಕ್ಕೆ ನೆಲ ಹದಗೊಳಿಸಿದ್ದು ಯುರೋಪ್. 1959ರ ಮಿನಿಯಲ್ಲಿ ಅಲೆಕ್ ಇಸಿಗೊನಿಸ್ ಎಂಜಿನನ್ನು ಅಡ್ಡಲಾಗಿ ಇಟ್ಟು, ಮುಂದಿನ ಚಕ್ರಗಳಿಂದಲೇ ಕಾರನ್ನು ಎಳೆಸಿದರು. ಯಂತ್ರದ ಪಾಲಿನ ಜಾಗ ಕುಗ್ಗಿ, ಜನರ ಪಾಲಿನ ಜಾಗ ಹಿಗ್ಗಿತು. 1961ರ ರೆನೊ 4 ಸಮತಟ್ಟಾದ ಒಳನೆಲವನ್ನೂ ದೊಡ್ಡ ಹಿಂಬಾಗಿಲನ್ನೂ ತಂದಿತು. 1980ರಲ್ಲಿ ಜೊರ್ಜೆತ್ತೊ ಜುಜಾರೊ ರೂಪಿಸಿದ ಫಿಯೆಟ್ ಪಾಂಡಾದ ಗಾಜುಗಳೆಲ್ಲ ಚಪ್ಪಟೆ; ಅಗ್ಗವಾಗಿ ತಯಾರಿಸಲೆಂದೇ ಹಾಗೆ ಮಾಡಲಾಗಿತ್ತು. 1983ರಲ್ಲಿ ಅದಕ್ಕೆ ನಾಲ್ಕು ಚಕ್ರಗಳ ಚಾಲನೆ ಸೇರಿದಾಗ, ಪುಟ್ಟ ಪೆಟ್ಟಿಗೆಯೊಂದು ಬೆಟ್ಟದ ದಾರಿಯನ್ನೂ ಹತ್ತಬಲ್ಲದೆಂದು ತೋರಿತು.

ಎತ್ತರದ ಬೆಲೆಯನ್ನು ಪೂರ್ತಿ ಅರಿತದ್ದು ಜಪಾನ್. ಅಲ್ಲಿನ ‘ಕೇ’ ವರ್ಗದ ಕಾರುಗಳಿಗೆ 1990ರ ನಿಯಮದಂತೆ 660 ಸಿಸಿ ಎಂಜಿನ್, 3.3 ಮೀಟರ್ ಉದ್ದ, 1.4 ಮೀಟರ್ ಅಗಲ ಗರಿಷ್ಠ ಮಿತಿಯಾಗಿತ್ತು. ಎತ್ತರಕ್ಕೆ ಮಾತ್ರ 2 ಮೀಟರ್‌ವರೆಗೆ ಅವಕಾಶವಿತ್ತು. 1993ರಲ್ಲಿ ಬಂದ ಸುಜುಕಿ ವ್ಯಾಗನ್ ಆರ್ ಈ ಅವಕಾಶವನ್ನು ಬಳಸಿಕೊಂಡಿತು. ಸೀಟು ಎತ್ತರವಾದರೆ ಪ್ರಯಾಣಿಕರು ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ಕೂರುತ್ತಾರೆ, ಕಾಲು ಮುಂದಕ್ಕೆ ಚಾಚಬೇಕಿಲ್ಲ. ಅಷ್ಟೇ ಉದ್ದದಲ್ಲಿ ಮೊಣಕಾಲಿಗೆ ಹೆಚ್ಚು ಜಾಗ ಸಿಗುತ್ತದೆ. 1995ರಲ್ಲಿ ದೈಹತ್ಸು ಮೂವ್ ಅದೇ ದಾರಿ ಹಿಡಿಯಿತು. ಭಾರತಕ್ಕೆ 1998ರಲ್ಲಿ ಹ್ಯುಂಡೈ ಸ್ಯಾಂಟ್ರೊ, 1999ರಲ್ಲಿ ವ್ಯಾಗನ್ ಆರ್ ಬಂದವು; ‘ಟಾಲ್ ಬಾಯ್’ ಎಂಬ ಹೆಸರು ಇಲ್ಲಿ ಬಳಕೆಗೆ ಬಂತು.

ಉಪಯೋಗಕ್ಕೆಂದು ಹುಟ್ಟಿದ ಆಕಾರ ಶೋಕಿಯ ವಸ್ತುವಾದದ್ದು ಮುಂದಿನ ಹಂತ. ನಿಸಾನ್ ಕ್ಯೂಬ್ 1998ರಲ್ಲಿ ಬಂತು; 2002ರ ಎರಡನೇ ಪೀಳಿಗೆಯಲ್ಲಿ ಅದರ ಹಿಂಗಾಜು ಬೇಕೆಂದೇ ಒಂದು ಪಕ್ಕಕ್ಕೆ ಸುತ್ತಿಕೊಂಡಿತು. ಜಪಾನಿನ ಟೊಯೋಟಾ ಬಿಬಿ 2003ರಲ್ಲಿ ಅಮೆರಿಕದಲ್ಲಿ ಸಯಾನ್ ಎಕ್ಸ್‌ಬಿ ಆಗಿ ಮಾರಾಟಕ್ಕೆ ನಿಂತಿತು. ನಡುಗಂಬವಿಲ್ಲದೆ ಎರಡೂ ಬಾಗಿಲು ಎದುರುಬದುರಾಗಿ ತೆರೆಯುವ, ಒರೆಸಿ ಶುಚಿಗೊಳಿಸಬಲ್ಲ ಒಳನೆಲದ ಹೋಂಡಾ ಎಲಿಮೆಂಟ್ ಕೂಡ ಆಗಲೇ ಬಂದದ್ದು. ಯುವಜನರಿಗೆಂದು ಮಾಡಿದ ಈ ಕಾರುಗಳನ್ನು ಹಿರಿಯರೂ ಮೆಚ್ಚಿದರು: ಬಗ್ಗದೆ ಹತ್ತಬಹುದು, ಹೆಣಗದೆ ಇಳಿಯಬಹುದು. 2008ರಲ್ಲಿ ಪ್ಯಾರಿಸ್‌ನಲ್ಲಿ ಅನಾವರಣಗೊಂಡ ಕಿಯಾ ಸೋಲ್, ಪೆಟ್ಟಿಗೆಗೆ ಉಬ್ಬಿದ ಚಕ್ರದಂಚುಗಳನ್ನೂ ಗಾಢ ಬಣ್ಣಗಳನ್ನೂ ಕೂಡಿಸಿತು; ಕುಣಿಯುವ ಹ್ಯಾಮ್‌ಸ್ಟರ್‌ಗಳ ಜಾಹೀರಾತು ಅದನ್ನು ಮನೆಮಾತಾಗಿಸಿತು.

2014ರ ಸುಜುಕಿ ಹಸ್ಲರ್ ಈ ಗೆಲುವನ್ನು ಕೇ ವರ್ಗಕ್ಕೆ ತಂದಿತು: ದುಂಡು ದೀಪ, ಎರಡು ಬಣ್ಣದ ಮೈ, ಎತ್ತರಿಸಿದ ತಳ. ಕೊರಿಯಾದಲ್ಲಿ ಹಗುರ ಕಾರುಗಳ ಉದ್ದಕ್ಕೆ 3.6 ಮೀಟರ್ ಮಿತಿ. 2021ರ ಹ್ಯುಂಡೈ ಕ್ಯಾಸ್ಪರ್ 3.595 ಮೀಟರಿಗೆ ನಿಂತಿತು.

ಭಾರತದಲ್ಲಿ 2006ರ ಬಜೆಟ್, 4 ಮೀಟರ್ ಮೀರದ ಸಣ್ಣ ಎಂಜಿನ್ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. ಹೊಂಡ, ರಸ್ತೆಯುಬ್ಬುಗಳ ನಡುವೆ ಓಡುವ ಗಾಡಿಗೆ ತಳ ಎತ್ತರವಿರಬೇಕಾದದ್ದೂ ಸಹಜ. ಮುಂದಿನ ಸಾಲಿನಲ್ಲೂ ಮೂವರು ಕೂರಬಲ್ಲ ಮಹೀಂದ್ರಾ ಕೆಯುವಿ100 (2016), ಸುಜುಕಿ ಇಗ್ನಿಸ್ (2017), ಟಾಟಾ ಪಂಚ್ (2021), ಹ್ಯುಂಡೈ ಎಕ್ಸ್‌ಟರ್ (2023) ಸಾಲಾಗಿ ಬಂದವು. 3.8 ಮೀಟರ್ ಆಸುಪಾಸಿನ ಪಂಚ್, ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ವಯಸ್ಕರ ಸುರಕ್ಷತೆಗೆ ಐದು ತಾರೆ ಪಡೆಯಿತು. 2024ರಲ್ಲಿ ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರಾಯಿತು.

ಈ ಆಕಾರಕ್ಕೆ ಕೊರತೆಗಳೂ ಇವೆ. ಎತ್ತರದ ಚಪ್ಪಟೆ ಮುಖಕ್ಕೆ ಎದುರಾಗುವ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಹೆದ್ದಾರಿಯಲ್ಲಿ ಇಂಧನ ಹೆಚ್ಚು ಬೇಕು. ಅಡ್ಡಗಾಳಿಗೆ ಎತ್ತರದ ಮೈ ತೊನೆಯುತ್ತದೆ. ನಗರದ ನಿಧಾನ ಓಡಾಟದಲ್ಲಿ ಇವೆರಡೂ ಅಷ್ಟಾಗಿ ಕಾಡುವುದಿಲ್ಲ. 2024ರಲ್ಲಿ ಬಂದ ಪಂಚ್ ಇವಿ, ಕ್ಯಾಸ್ಪರ್ ಎಲೆಕ್ಟ್ರಿಕ್‌ಗಳಲ್ಲಿ ಭಾರದ ಬ್ಯಾಟರಿ ನೆಲದಡಿ ಕೂತು, ಗುರುತ್ವ ಕೇಂದ್ರವನ್ನು ಕೆಳಗಿಳಿಸಿದೆ.

ಉದ್ದಕ್ಕೆ ಮಿತಿಯಿಲ್ಲದ ಅಮೆರಿಕದಲ್ಲಿ ಎಲಿಮೆಂಟ್ 2011ರಲ್ಲಿ, ಸಯಾನ್ ಬ್ರ್ಯಾಂಡ್ 2016ರಲ್ಲಿ ಮುಗಿದವು. 2025ರಲ್ಲಿ ಸೋಲ್‌ ತಯಾರಿಕೆಯೂ ನಿಂತಿತು. ಅಲ್ಲಿ ಪೆಟ್ಟಿಗೆ ಒಂದು ಅಭಿರುಚಿಯಾಗಿತ್ತು, ಅಭಿರುಚಿ ಬದಲಾಯಿತು. ಜಪಾನ್, ಕೊರಿಯಾ, ಭಾರತಗಳಲ್ಲಿ ಅದು ಇಕ್ಕಟ್ಟಾದ ಬೀದಿಗೂ ತುಂಬಿದ ಮನೆಗೂ ತಕ್ಕ ಉತ್ತರ. ಈ ದೇಶಗಳಲ್ಲಿ ಅದು ಪೀಳಿಗೆಯಿಂದ ಪೀಳಿಗೆಗೆ ಬೆಳೆಯುತ್ತಿದೆ.