ಓದಿನಿಂದ ಉಳಿದ ಪದಸಂಪತ್ತು: ಕೇಶಿರಾಜನ ನಿದರ್ಶನ

ಬರೆಯುವವನ ಪದಸಂಪತ್ತು ಹುಟ್ಟಿನಿಂದ ಬರುವಂತಹುದಲ್ಲ. ಅದು ಓದಿನಿಂದ ಕೂಡಿಬರುವ ಗಳಿಕೆ. ಈ ಮಾತಿಗೆ ಕನ್ನಡ ಸಾಹಿತ್ಯಚರಿತ್ರೆಯಲ್ಲಿ ದೊರೆಯುವ ಉತ್ತಮ ನಿದರ್ಶನ, ಜೈನ ವೈಯಾಕರಣ ಕೇಶಿರಾಜನದು.

ಕೇಶಿರಾಜನ ತಂದೆ ಮಲ್ಲಿಕಾರ್ಜುನನು ಹೊಯ್ಸಳ ದೊರೆ ಸೋಮೇಶ್ವರನ ಕಾಲದವನು. ಪೂರ್ವಕವಿಗಳ ಕಾವ್ಯಗಳನ್ನು ಓದಿ, ಸಮುದ್ರ, ಪರ್ವತ, ನಗರ ಮೊದಲಾದ ವರ್ಣನೆಗಳಿಗನುಸಾರವಾಗಿ ಪದ್ಯಗಳನ್ನು ಆಯ್ದು 'ಸೂಕ್ತಿಸುಧಾರ್ಣವ'ವೆಂಬ ಸಂಕಲನವನ್ನು ಸಿದ್ಧಪಡಿಸಿದವನು. ಸೋದರಮಾವನು ಮಹಾಕವಿ ಜನ್ನ. ಇಂತಹ ಮನೆತನದಲ್ಲಿ ಬೆಳೆದ ಕೇಶಿರಾಜನು ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿದನು. ಗಜಗ, ಅಸಗ, ಪೊನ್ನ, ಪಂಪ ಮುಂತಾದ ಹಿಂದಿನ ಕವಿಗಳ ಪ್ರಯೋಗವೇ ತನ್ನ ಗ್ರಂಥಕ್ಕೆ ಲಕ್ಷ್ಯವೆಂದು ಆತನು ಸ್ಪಷ್ಟವಾಗಿ ಹೇಳಿಕೊಂಡಿದ್ದಾನೆ.

ಆ ವೇಳೆಗೆ ಹಳಗನ್ನಡದ 'ೞ' ಎಂಬ ಅಕ್ಷರವು ಜನರ ಆಡುಮಾತಿನಿಂದ ಮರೆಯಾಗಿ 'ಳ'ಕಾರದಲ್ಲಿ ಸೇರಿಹೋಗಿತ್ತು. 'ಬಾೞ್' ಎಂದರೆ ಜೀವಿಸು, 'ಬಾಳ್' ಎಂದರೆ ಕತ್ತಿ; 'ಆೞ್' ಎಂದರೆ ಮುಳುಗು, 'ಆಳ್' ಎಂದರೆ ಒಡೆತನ ನಡೆಸು. ಕಿವಿಗೆ ಎರಡೂ ಒಂದೇ ಆದ ಮೇಲೆ ಕವಿಯು ಭೇದವನ್ನು ಅರಿಯುವುದೆಂತು? ಅರಿಯದಿದ್ದರೆ ಪದ್ಯದ ಪ್ರಾಸವೇ ಕೆಡುತ್ತಿತ್ತು. ಆಗ ಉಳಿದಿದ್ದ ದಾರಿ ಪೂರ್ವಕಾವ್ಯಗಳ ಓದೊಂದೇ. ಕೇಶಿರಾಜನು 'ೞ'ಕಾರವುಳ್ಳ ಶಬ್ದಗಳನ್ನು ಒಂದೊಂದಾಗಿ ಸಂಗ್ರಹಿಸಿ ಪಟ್ಟಿಮಾಡಿದನು. ಅಷ್ಟಕ್ಕೇ ತೃಪ್ತನಾಗದೆ, ಗ್ರಂಥದ ಕೊನೆಯಲ್ಲಿ 'ಪ್ರಯೋಗಸಾರ'ವೆಂಬ ಭಾಗದಲ್ಲಿ ಹಳೆಯ ಪದಗಳನ್ನು ಅರ್ಥಸಹಿತವಾಗಿ ಕೊಟ್ಟನು. ಕಿವಿಯು ಕಳೆದುಕೊಂಡುದನ್ನು ಓದುವ ಕಣ್ಣು ಉಳಿಸಿಕೊಟ್ಟಿತು.

ಆ ಗಳಿಕೆಯು ಒಬ್ಬನಲ್ಲಿಯೇ ನಿಲ್ಲಲಿಲ್ಲ. ಜರ್ಮನಿಯಿಂದ ಬಂದ ಪಾದ್ರಿ ಕಿಟ್ಟೆಲ್ ಅವರು 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. 1894ರಲ್ಲಿ ಪ್ರಕಟವಾದ ಅವರ ಬೃಹತ್ ನಿಘಂಟಿಗೂ ಅದು ಒಂದು ಆಧಾರವಾಯಿತು. ಇಂದು ಕನ್ನಡದಲ್ಲಿ ಬರೆಯುವವರು ಸಂದೇಹ ಬಂದಾಗ ಆ ನಿಘಂಟನ್ನು ತೆರೆಯುತ್ತಾರೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೇಶಿರಾಜನು ಹೆಸರಿಸಿದ ಗಜಗ, ಅಸಗರ ಕನ್ನಡ ಕಾವ್ಯಗಳು ನಮಗೆ ದೊರೆತಿಲ್ಲ. ಓದುವವರಿಲ್ಲದ ಗ್ರಂಥವನ್ನು ಪ್ರತಿಮಾಡುವವರೂ ಇರುವುದಿಲ್ಲ. ಪ್ರತಿಯಿಲ್ಲದ ಗ್ರಂಥದೊಡನೆ ಅದರ ಪದಗಳೂ ಅಳಿಯುತ್ತವೆ. ಪದವನ್ನು ಕೋಶದಿಂದ ಬಾಯಿಪಾಠ ಮಾಡಿದರೆ ಅರ್ಥ ಮಾತ್ರ ತಿಳಿದೀತು; ಕಾವ್ಯದಲ್ಲಿ ಓದಿದರೆ ಅದನ್ನು ಎಲ್ಲಿ, ಹೇಗೆ ಬಳಸಬೇಕೆಂಬ ವಿವೇಕವೂ ದೊರೆಯುತ್ತದೆ. ಬರೆಯಬಯಸುವ ಮಕ್ಕಳ ಕೈಗೆ ಲೇಖನಿಗಿಂತ ಮೊದಲು ಒಂದು ಒಳ್ಳೆಯ ಗ್ರಂಥವನ್ನು ಕೊಡುವುದು ಹಿರಿಯರ ಕರ್ತವ್ಯ.