ಹ್ಯಾಂಡಲ್, ಸೆಲ್ಫ್ ಮತ್ತು ಒಂದು ತುಕ್ಕು ಹಿಡಿದ ಪಟ್ಟಿ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಓಮನ ನಿಯಮದ ಪಾಠ ನೆನಪಿದ್ದರೆ, ಆ ದಿನ ನಾನು ಹೇಳುತ್ತಿದ್ದ ಲಾರಿಯ ಕಥೆಯೂ ನೆನಪಿರಬೇಕು. ನಲವತ್ತು ನಿಮಿಷಗಳ ಪೀರಿಯಡ್ಡಿನಲ್ಲಿ ಅದು ಎಂದೂ ಪೂರ್ತಿಯಾಗುತ್ತಿರಲಿಲ್ಲ. ಮೊನ್ನೆ ದೂರವಾಣಿಯಲ್ಲಿ ಮಾತನಾಡಿದ ಶಿಷ್ಯರೊಬ್ಬರು, "ಸಾರ್, ಆ ಕ್ಲೀನರ್ ಹುಡುಗನ ಕೈ ಏಕೆ ಮುರಿಯಿತು ಎಂಬುದನ್ನು ನೀವು ಕೊನೆಗೂ ಹೇಳಲೇ ಇಲ್ಲ" ಎಂದರು. ಆ ಬಾಕಿಯನ್ನು ಇಲ್ಲಿ ತೀರಿಸುತ್ತೇನೆ. ಅದಕ್ಕೆ ಮೊದಲು ಅಮೆರಿಕದ ಓಹಾಯೊ ರಾಜ್ಯದವರೆಗೆ ಹೋಗಿ ಬರಬೇಕಾಗುತ್ತದೆ.

ಮೋಟಾರು ವಾಹನಗಳ ಆರಂಭದ ದಿನಗಳಲ್ಲಿ ಎಂಜಿನ್ನನ್ನು ಎಬ್ಬಿಸಲು ಮುಂಭಾಗದ ರಂಧ್ರದಲ್ಲಿ ಕಬ್ಬಿಣದ ಹ್ಯಾಂಡಲ್ ತೂರಿಸಿ ತೋಳ್ಬಲದಿಂದ ತಿರುಗಿಸಬೇಕಾಗಿತ್ತು. ಇದರಲ್ಲಿ ಶ್ರಮಕ್ಕಿಂತ ಅಪಾಯವೇ ಹೆಚ್ಚು. ಪಿಸ್ಟನ್ ಮೇಲಿನ ತುದಿಯನ್ನು ತಲುಪುವ ಮೊದಲೇ ಕಿಡಿ ಹಾರಿದರೆ ಎಂಜಿನ್ ಹಿಮ್ಮುಖವಾಗಿ ತಿರುಗಿ ಹ್ಯಾಂಡಲ್ ಹಿಂದಕ್ಕೆ ಬಡಿಯುತ್ತದೆ. ಅದಕ್ಕಾಗಿಯೇ ಹಳೆಯ ಚಾಲಕರು ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು, ಹ್ಯಾಂಡಲನ್ನು ಕೆಳಕ್ಕೆ ಒತ್ತದೆ ಮೇಲಕ್ಕೆ ಎಳೆಯಬೇಕೆಂದು ಕಲಿಸುತ್ತಿದ್ದರು. ಬೈರನ್ ಕಾರ್ಟರ್ ಎಂಬ ವಾಹನ ತಯಾರಕರು ದಾರಿಯಲ್ಲಿ ಕೆಟ್ಟು ನಿಂತ ಕಾರಿಗೆ ಹ್ಯಾಂಡಲ್ ಹಾಕಲು ಹೋಗಿ ಪೆಟ್ಟು ತಿಂದು ತೀರಿಕೊಂಡರೆಂದೂ, ಅದರಿಂದ ನೊಂದ ಕ್ಯಾಡಿಲಾಕ್ ಸಂಸ್ಥೆಯ ಹೆನ್ರಿ ಲೆಲೆಂಡ್ ಹ್ಯಾಂಡಲನ್ನೇ ಇಲ್ಲವಾಗಿಸುವ ಪಣ ತೊಟ್ಟರೆಂದೂ ಒಂದು ಕಥೆಯಿದೆ. ಕಾರ್ಟರ್ ತೀರಿಕೊಂಡದ್ದು 1908ರಲ್ಲಿ, ಸೆಲ್ಫ್ ಸ್ಟಾರ್ಟರಿನ ಕೆಲಸ ನಡೆದದ್ದು 1911ರ ವೇಳೆಗೆ. ಹೇಳುವವರ ವಿವರಗಳೂ ಒಂದಕ್ಕೊಂದು ಹೊಂದುವುದಿಲ್ಲ. ನಾನಂತೂ ಈ ಕಥೆಯನ್ನು ಅರ್ಧ ಮಾತ್ರ ನಂಬುತ್ತೇನೆ.

ಲೆಲೆಂಡ್ ಈ ಕೆಲಸವನ್ನು ಒಪ್ಪಿಸಿದ್ದು ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರಿಗೆ. 1876ರಲ್ಲಿ ಹುಟ್ಟಿದ ಈತ ಎಂಜಿನಿಯರ್ ಆಗುವ ಮುನ್ನ ಕೆಲಕಾಲ ಶಾಲಾ ಮೇಷ್ಟರಾಗಿದ್ದವರು. ನಮ್ಮ ವೃತ್ತಿಯವರೆಂದು ನನಗೆ ಒಂದಿಷ್ಟು ಹೆಚ್ಚಿನ ಅಭಿಮಾನ! ಅವರ ಡೆಲ್ಕೊ ಸಂಸ್ಥೆ ಮೊದಲು ರೂಪಿಸಿದ್ದು ಕಿಡಿಯ ವ್ಯವಸ್ಥೆಯನ್ನು, ಅಂದರೆ ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟುಗಳ ಇಗ್ನಿಷನ್ನನ್ನು. 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂದಿತು. ಪಾಯಿಂಟುಗಳು ತೆರೆದ ಕ್ಷಣದಲ್ಲಿ ಕಾಯಿಲಿನ ಕಾಂತಕ್ಷೇತ್ರ ಕುಸಿದು, ಕೆಲವೇ ವೋಲ್ಟುಗಳ ಬ್ಯಾಟರಿಯಿಂದ ಸಾವಿರಾರು ವೋಲ್ಟುಗಳ ಕಿಡಿ ಪ್ಲಗ್ಗಿನ ತುದಿಯಲ್ಲಿ ಹಾರುತ್ತದೆ.

ಸೆಲ್ಫ್ ಸ್ಟಾರ್ಟರ್ ಬಂದದ್ದು ಅದರ ಅನಂತರ, 1912ರ ಮಾದರಿಯಲ್ಲಿ. ಎಂಜಿನ್ನನ್ನು ತಿರುಗಿಸಬಲ್ಲ ವಿದ್ಯುತ್ ಮೋಟಾರು ಎಂಜಿನ್ನಿನಷ್ಟೇ ಭಾರವಾದೀತೆಂದು ಆಗಿನ ತಜ್ಞರು ಭಾವಿಸಿದ್ದರು. ಕೆಟರಿಂಗ್ ಹಿಂದೆ ಅಂಗಡಿಗಳ ನಗದು ಯಂತ್ರಕ್ಕೆ ಪುಟ್ಟ ಮೋಟಾರೊಂದನ್ನು ಅಳವಡಿಸಿದ್ದರು. ದಿನವಿಡೀ ದುಡಿಯಬೇಕಿಲ್ಲದ ಮೋಟಾರಿನಿಂದ ಕ್ಷಣಕಾಲ ಅದರ ಶಕ್ತಿಗೆ ಮೀರಿದ ಕೆಲಸವನ್ನು ತೆಗೆದುಕೊಳ್ಳಬಹುದೆಂಬುದು ಅಲ್ಲಿ ಅವರಿಗೆ ತಿಳಿದಿತ್ತು. ಅದೇ ತತ್ತ್ವ ಇಲ್ಲಿಯೂ ನಡೆಯಿತು. ಇದಕ್ಕೆ 1915ರಲ್ಲಿ ಪೇಟೆಂಟ್ ದೊರೆಯಿತು. ಆದರೆ ಆ ಉಪಾಯಕ್ಕೂ ಒಂದು ಬೆಲೆಯಿತ್ತು. ಕ್ಷಣಕಾಲವಾದರೂ ಸರಿಯೇ, ಸೆಲ್ಫ್ ನೂರಾರು ಆಂಪಿಯರುಗಳನ್ನು ಎಳೆಯುತ್ತದೆ. ದೀಪಕ್ಕೂ ಹಾರ್ನಿಗೂ ಲೆಕ್ಕಕ್ಕೇ ಬಾರದಷ್ಟು ಸಣ್ಣ ತುಕ್ಕು ಸೆಲ್ಫಿಗೆ ಗೋಡೆಯಾಗಿಬಿಡುತ್ತದೆ.

ಈಗ ನಮ್ಮೂರಿಗೆ ಬರೋಣ. 1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಟೆಲ್ಕೊ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆಗೂಡಿ ಡೀಸೆಲ್ ಲಾರಿಗಳನ್ನು ತಯಾರಿಸತೊಡಗಿದ ಮೇಲೂ, ಮಲೆನಾಡಿನಲ್ಲಿ ಎರಡನೆಯ ಮಹಾಯುದ್ಧದ ಮಿಲಿಟರಿ ಡಿಸ್ಪೋಸಲ್ಲಿನ ಪೆಟ್ರೋಲ್ ಲಾರಿಗಳು ಅಲ್ಲೊಂದು ಇಲ್ಲೊಂದು ಓಡಾಡುತ್ತಿದ್ದವು. ಅಂಥದೊಂದು ನನ್ನ ಸೋದರಮಾವನ ಬಳಿಯಿತ್ತು. ಆ ಕಾಲದ ಅಮೆರಿಕದ ಲಾರಿಗಳಲ್ಲಿ ಬಹುಪಾಲಿನಂತೆ ಅದೂ ಆರು ವೋಲ್ಟಿನದು. ಅದರ ಬಾನೆಟ್ಟಿನ ಮೇಲೆ ಕುಳಿತು ನಾನು ಮಗ್ಗಿ ಕಲಿತದ್ದುಂಟು.

1971ರ ಮಳೆಗಾಲ, ನಾನಾಗ ಏಳನೆಯ ತರಗತಿ. ಲಾರಿಯ ಸೆಲ್ಫ್ ಎತ್ತದಾಯಿತು. ಒತ್ತಿದರೆ ಒಮ್ಮೆ ನರಳಿ ನಿಲ್ಲುತ್ತಿತ್ತು, ಹೆಡ್‌ಲೈಟ್ ಕೆಂಪಗಾಗಿ ಆರುತ್ತಿತ್ತು. ದೀಪ ಮಂಕಾದರೆ ಬ್ಯಾಟರಿ ಸತ್ತಿದೆ ಎಂಬುದು ಎಲ್ಲರಿಗೂ ತಿಳಿದ ಲಕ್ಷಣ. ಮಾವ ಅತ್ತೆಯ ಎರಡು ಬಳೆಗಳನ್ನು ಅಡವಿಟ್ಟು ಹೊಸ ಬ್ಯಾಟರಿ ತಂದರು. ಸೆಲ್ಫ್ ಆಗಲೂ ನರಳಿತು. ಪೇಟೆಯಿಂದ ಬಂದ ಮೆಕ್ಯಾನಿಕ್ಕೊಬ್ಬ, ಸೆಲ್ಫ್ ಒತ್ತಿದಾಗ ಪ್ಲಗ್ಗಿನಲ್ಲಿ ಕಿಡಿ ಇಲ್ಲವೆಂದು ಕಂಡು, ದೋಷ ಇಗ್ನಿಷನ್ನಿನಲ್ಲಿದೆ ಎಂದು ತೀರ್ಮಾನಿಸಿದ. ಪಾಯಿಂಟ್ ಉಜ್ಜಿದ, ಕಂಡೆನ್ಸರ್ ಬದಲಿಸಿದ, ಕೊನೆಗೆ ಡಿಸ್ಟ್ರಿಬ್ಯೂಟರನ್ನು ಸಡಿಲಿಸಿ ಸ್ವಲ್ಪ ತಿರುಗಿಸಿಟ್ಟು ಹೋದ.

ಆಶ್ಚರ್ಯವೆಂದರೆ ಹ್ಯಾಂಡಲ್ ಹೊಡೆದರೆ ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ಸೆಲ್ಫಿನಲ್ಲಿ ಇಲ್ಲದ ಕಿಡಿ ಹ್ಯಾಂಡಲಿನಲ್ಲಿ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಅಂದು ಯಾರೂ ಕೇಳಲಿಲ್ಲ. ಹ್ಯಾಂಡಲ್ ಹೊಡೆಯುವ ಕೆಲಸ ಹದಿನಾರು ವರ್ಷದ ಕ್ಲೀನರ್ ಹುಡುಗನದಾಯಿತು. ಡಿಸ್ಟ್ರಿಬ್ಯೂಟರ್ ತಿರುಗಿಸಿದ್ದರಿಂದ ಕಿಡಿ ಈಗ ಬರಬೇಕಾದುದಕ್ಕಿಂತ ಬಹಳ ಮುಂಚೆಯೇ ಬರುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಹ್ಯಾಂಡಲ್ ಹಿಂದಕ್ಕೆ ಬಡಿಯಿತು. ಆ ಶಬ್ದ ನಮ್ಮ ಜಗಲಿಯವರೆಗೂ ಕೇಳಿಸಿತು. ಹುಡುಗ ಅಳಲಿಲ್ಲ, ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕೆಸರಿನಲ್ಲೇ ಕುಳಿತುಬಿಟ್ಟ. ಮಣಿಕಟ್ಟಿನ ಮೇಲೆ ಮೂಳೆ ಮುರಿದಿತ್ತು.

ಆಮೇಲೆ ಮಾವ ಕರೆಸಿದ್ದು ಒಬ್ಬ ವಯಸ್ಸಾದ ಮೇಸ್ತ್ರಿಯನ್ನು. ಅವರು ಬಂದವರೇ ಯಾವ ಬೋಲ್ಟಿಗೂ ಸ್ಪ್ಯಾನರ್ ಹಾಕಲಿಲ್ಲ. "ಸಾವ್ಕಾರ್ರೇ, ಸೆಲ್ಫ್ ತಿರುಗ್ತದಾ ಅನ್ನೋದು ಒಂದು ಮಾತು, ಕಿಡಿ ಬರ್ತದಾ ಅನ್ನೋದು ಬೇರೆ ಮಾತು. ಎರಡನ್ನೂ ಒಟ್ಟಿಗೆ ಕಲಸಬಾರದು" ಎಂದರು. ಒಂದು ಬಲ್ಬಿಗೆ ಎರಡು ತಂತಿ ಕಟ್ಟಿ, ತುದಿಗಳನ್ನು ಬ್ಯಾಟರಿಯ ಎರಡು ಸೀಸದ ಕಂಬಗಳ ಮೇಲೆಯೇ ಒತ್ತಿ ಹಿಡಿದು, ಸೆಲ್ಫ್ ಒತ್ತಲು ಹೇಳಿದರು. ಸೆಲ್ಫ್ ನರಳಿತು, ಬಲ್ಬು ಮಾತ್ರ ಬೆಳ್ಳಗೆ ಉರಿಯುತ್ತಲೇ ಇತ್ತು. ಎಂದರೆ ಬ್ಯಾಟರಿ ಸರಿಯಾಗಿಯೇ ಇದೆ. ಬಳಿಕ ಅರ್ಥ್ ಕಡೆಯ ತಂತಿಯನ್ನು ಕಂಬದಿಂದ ತೆಗೆದು ಚಾಸಿಯ ಕಬ್ಬಿಣಕ್ಕೆ ಮುಟ್ಟಿಸಿ ಮತ್ತೆ ಒತ್ತಿಸಿದರು. ಈ ಸಲ ಬಲ್ಬು ಆರಿಹೋಯಿತು. ಕಂಬಕ್ಕೂ ಚಾಸಿಗೂ ನಡುವೆ ಇರುವುದು ಒಂದೇ ವಸ್ತು, ಹೆಣೆದ ತಾಮ್ರದ ಅರ್ಥ್ ಪಟ್ಟಿ. ಅದನ್ನು ಬಿಚ್ಚಿ ನೋಡಿದರೆ ಬೋಲ್ಟಿನ ಕೆಳಗೆ ತುಕ್ಕಿನ ದಪ್ಪ ಪದರವಿತ್ತು.

ವಾಹನದಲ್ಲಿ ನಮ್ಮ ಕಣ್ಣಿಗೆ ಕಾಣುವುದು ಹೋಗುವ ತಂತಿ ಮಾತ್ರ. ಕರೆಂಟು ಹಿಂದಿರುಗುವ ದಾರಿ ಗಾಡಿಯ ಮೈಯೇ. ದೀಪ, ಸೆಲ್ಫ್, ಕಾಯಿಲ್ ಮೂರಕ್ಕೂ ಹಿಂದಿರುಗಲು ಇದ್ದದ್ದು ಆ ಒಂದೇ ಪಟ್ಟಿ. ನೂರನೆಯ ಒಂದು ಪಾಲು ಓಮ್ ಪ್ರತಿರೋಧವಿದ್ದರೂ 200 ಆಂಪಿಯರ್ ಹರಿಯುವಾಗ ಅಲ್ಲಿ 2 ವೋಲ್ಟ್ ನಷ್ಟ. ಇರುವ ಆರರಲ್ಲಿ ಮೂರನೆಯ ಒಂದು ಭಾಗ ಹೋಯಿತು! ಸೆಲ್ಫ್ ಎಳೆಯುವಾಗ ದೀಪ ಆರಿದ್ದೂ, ಕಾಯಿಲಿಗೆ ಕರೆಂಟು ಸಾಲದೆ ಕಿಡಿ ಮಾಯವಾದದ್ದೂ ಇದರಿಂದಲೇ. ಹ್ಯಾಂಡಲ್ ಹೊಡೆಯುವಾಗ ಸೆಲ್ಫಿನ ಹೊರೆ ಇಲ್ಲ. ಕಾಯಿಲಿಗೆ ಬೇಕಾದ ಕೆಲವೇ ಆಂಪಿಯರುಗಳು ಅದೇ ತುಕ್ಕನ್ನು ಸಲೀಸಾಗಿ ದಾಟುತ್ತಿದ್ದವು. ಹ್ಯಾಂಡಲಿಗೆ ಹೊತ್ತಿಕೊಂಡ ಎಂಜಿನ್ನೇ ಇಗ್ನಿಷನ್ನಿನಲ್ಲಿ ದೋಷವಿಲ್ಲವೆಂದು ಸಾಕ್ಷಿ ಹೇಳುತ್ತಿತ್ತು. ಮುಂದೆ ಬಿ.ಎಡ್. ಮುಗಿಸಿ ಪಾಠ ಹೇಳತೊಡಗಿದಾಗ ಇದನ್ನು ನಾನು ವೋಲ್ಟ್ ಮೀಟರಿನಿಂದ ತೋರಿಸುತ್ತಿದ್ದೆ. ಮೇಸ್ತ್ರಿಯ ಬಲ್ಬಿನಷ್ಟು ಚೆನ್ನಾಗಿ ಅದು ಎಂದೂ ಮನದಟ್ಟಾಗಲಿಲ್ಲ.

ಒಂದು ಮಾತು ಸೇರಿಸಬೇಕು. ಸೆಲ್ಫ್ ನರಳದೆ ಬರಿದೇ ಗಿರ್ರೆಂದು ತಿರುಗಿ, ಎಂಜಿನ್ ಮಾತ್ರ ಅಲುಗದಿದ್ದರೆ ಅದು ಕರೆಂಟಿನ ದೋಷವಲ್ಲ. ಬೆಂಡಿಕ್ಸ್ ಎಂಬ ಸಣ್ಣ ಹಲ್ಲುಚಕ್ರ ತನ್ನ ಸುರುಳಿಯ ಮೇಲೆ ಜಿಡ್ಡು ಹಿಡಿದು ಮುಂದಕ್ಕೆ ಜಾರದೆ, ಫ್ಲೈವೀಲಿನ ಹಲ್ಲನ್ನು ಹಿಡಿಯುತ್ತಿಲ್ಲವೆಂದು ಅರ್ಥ. ಮುಂದೆ ಬಂದ ಡೀಸೆಲ್ ಲಾರಿಗಳಲ್ಲಿ ಕಿಡಿಯೇ ಬೇಡವಾಗಿ ಅರ್ಧ ತೊಡಕು ತಾನಾಗಿಯೇ ಹೋಯಿತು. ಇಪ್ಪತ್ತನಾಲ್ಕು ವೋಲ್ಟಿನ ಗಾಡಿಗಳಲ್ಲಿ ಅಷ್ಟೇ ಕೆಲಸಕ್ಕೆ ಕಾಲು ಭಾಗ ಕರೆಂಟು ಸಾಕು. ಅಷ್ಟೇ ತುಕ್ಕಿನ ಉಪದ್ರವ ಎಷ್ಟಕ್ಕೆ ಇಳಿಯುತ್ತದೆ? ಉತ್ತರ ಹದಿನಾರನೆಯ ಒಂದು ಪಾಲು. ಲೆಕ್ಕ ನೀವೇ ಮಾಡಿ ನೋಡಿ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೊಡುತ್ತಿದ್ದೆ.

ಮೇಸ್ತ್ರಿ ಚಾಕುವಿನಿಂದ ತುಕ್ಕು ಕೆರೆದು, ಪಟ್ಟಿಯನ್ನು ಬಿಗಿದು, ಮೇಲೆ ಗ್ರೀಸ್ ಸವರಿದರು. ಡಿಸ್ಟ್ರಿಬ್ಯೂಟರನ್ನು ಮೊದಲಿನ ಗುರುತಿಗೆ ತಂದು ನಿಲ್ಲಿಸಿದರು. ಸೆಲ್ಫ್ ಒತ್ತಿದೊಡನೆ ಎಂಜಿನ್ ಹೊತ್ತಿಕೊಂಡಿತು. ಅವರು ಹೊರಡುವ ಮೊದಲು ಸೀಟಿನ ಕೆಳಗಿದ್ದ ಹ್ಯಾಂಡಲನ್ನು ತೆಗೆದು ನಮ್ಮ ಕೊಟ್ಟಿಗೆಯ ಮೂಲೆಗೆ ಒರಗಿಸಿ ಹೋದರು. ಹುಡುಗ ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದ. ಅವನ ಕೈಕಟ್ಟು ಬಿಚ್ಚಲು ಇನ್ನೂ ಮೂರು ವಾರವಿತ್ತು.