ಮೂತ್ರಾಂಗಗಳ ಸಿ.ಟಿ. ಸ್ಕ್ಯಾನ್: ಡೈ ಕೊಡುವ ಕ್ರಮಗಳು

ಮೂತ್ರಪಿಂಡ, ಮೂತ್ರನಾಳ ಮತ್ತು ಮೂತ್ರಕೋಶವನ್ನು ಅಯೋಡಿನ್ ಇರುವ ಡೈ ಕೊಟ್ಟು ನೋಡುವ ಪರೀಕ್ಷೆಯೇ ಸಿ.ಟಿ. ಯೂರೋಗ್ರಫಿ. ಮಂಡ್ಯ ಜಿಲ್ಲೆಯ ಬಸರಾಳು ಕಡೆಯವರಿಗೆ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಂಡ್ಯದ ಮಿಮ್ಸ್. ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ನೆಫ್ರೋ-ಯುರಾಲಜಿ ಸಂಸ್ಥೆಯಿದೆ. ಎಲ್ಲಿ ಮಾಡಿಸಿದರೂ, ಡೈ ಎಷ್ಟು ಕೊಟ್ಟರು, ಎಷ್ಟು ಹೊತ್ತಿನ ಮೇಲೆ ಚಿತ್ರ ತೆಗೆದರು ಎಂಬುದರ ಮೇಲೆ ಫಲಿತಾಂಶ ನಿಂತಿರುತ್ತದೆ.

ಡೈ ಯಾರಿಗೆ ಬೇಕು?

ಬರೀ ಕಿಡ್ನಿ ಕಲ್ಲಿನ ಅನುಮಾನವಿದ್ದರೆ ಡೈ ಬೇಡ. ಬಹುತೇಕ ಎಲ್ಲ ಕಲ್ಲುಗಳೂ ಪ್ಲೇನ್ ಸ್ಕ್ಯಾನ್‌ನಲ್ಲೇ ಬೆಳ್ಳಗೆ ಕಾಣುತ್ತವೆ. ಡೈ ತುಂಬಿದ ಮೂತ್ರನಾಳವೂ ಬೆಳ್ಳಗಾಗುವುದರಿಂದ ಸಣ್ಣ ಕಲ್ಲು ಮರೆಯಾಗಬಹುದು. ಮೂತ್ರದಲ್ಲಿ ರಕ್ತ, ಗೆಡ್ಡೆಯ ಅನುಮಾನ ಇದ್ದಾಗ ಡೈ ಬೇಕಾಗುತ್ತದೆ.

ಒಂದೇ ಸಲ ಕೊಡುವುದು

ಮೊಣಕೈ ಮಡಿಕೆಯ ರಕ್ತನಾಳಕ್ಕೆ ಸೂಜಿ ಚುಚ್ಚಿ, ಸುಮಾರು 100 ಮಿ.ಲೀ. ಡೈಯನ್ನು ಇಂಜೆಕ್ಟರ್ ಯಂತ್ರದಿಂದ ಸೆಕೆಂಡಿಗೆ 2ರಿಂದ 4 ಮಿ.ಲೀ. ವೇಗದಲ್ಲಿ ಹರಿಸುತ್ತಾರೆ. ಮೈಯೆಲ್ಲ ಬೆಚ್ಚಗಾಗಿ, ಬಾಯಲ್ಲಿ ಲೋಹದ ರುಚಿ ಬರುತ್ತದೆ. ಮೂತ್ರ ಹೋದಂತೆಯೂ ಅನಿಸಬಹುದು. ಗಾಬರಿ ಬೇಡ, ಕ್ಷಣದಲ್ಲಿ ಸರಿಹೋಗುತ್ತದೆ.

- 30–40 ಸೆಕೆಂಡಿಗೆ: ರಕ್ತನಾಳಗಳು, ಮೂತ್ರಪಿಂಡದ ಹೊರಪದರ.
- 90–100 ಸೆಕೆಂಡಿಗೆ: ಇಡೀ ಮೂತ್ರಪಿಂಡ ಒಂದೇ ಸಮ ಬೆಳಗುತ್ತದೆ, ಗೆಡ್ಡೆ ಗುರುತಿಸಲು ಇದೇ ತಕ್ಕ ಹೊತ್ತು.
- 8–10 ನಿಮಿಷಕ್ಕೆ: ಡೈ ಮೂತ್ರದೊಡನೆ ಇಳಿದು ನಾಳದ ಒಳಗೋಡೆ ತೋರಿಸುತ್ತದೆ.

ಎರಡು ಕಂತಿನಲ್ಲಿ ಕೊಡುವುದು

ಮೊದಲು 30–50 ಮಿ.ಲೀ. ಕೊಟ್ಟು, ಎಂಟ್ಹತ್ತು ನಿಮಿಷ ಕಾದು, ಉಳಿದದ್ದನ್ನು ಕೊಡುತ್ತಾರೆ. ಆಮೇಲೆ ಸುಮಾರು 100 ಸೆಕೆಂಡಿನ ಬಳಿಕ ಒಂದೇ ಸಲ ಸ್ಕ್ಯಾನ್ ಮಾಡಿದರೆ ಮೂತ್ರಪಿಂಡವೂ ನಾಳವೂ ಒಟ್ಟಿಗೆ ಸಿಗುತ್ತವೆ. ಒಂದು ಸುತ್ತಿನ ವಿಕಿರಣ ತಪ್ಪುವುದರಿಂದ ಹರೆಯದವರಿಗೆ ಇದು ಒಳ್ಳೆಯದು. ಆದರೆ ನಾಳಕ್ಕೆ ಇಳಿಯುವ ಡೈ ಕಡಿಮೆ. ನಾಳ ಸರಿಯಾಗಿ ಹಿಗ್ಗದಿದ್ದರೆ ಚಿಕ್ಕ ಗೆಡ್ಡೆ ತಪ್ಪಿಹೋಗಬಹುದು. ಅದಕ್ಕೇ ಮೊದಲೇ ನೀರು ಕುಡಿಸುವುದು, ಸಲೈನ್ ಅಥವಾ ಮೂತ್ರ ಹೆಚ್ಚಿಸುವ ಫ್ಯುರೊಸೆಮೈಡ್ ಇಂಜೆಕ್ಷನ್ ಕೊಡುವುದು.

ಮುಂಚೆಯೇ ಹೇಳಬೇಕಾದ್ದು

ಸ್ಕ್ಯಾನ್‌ಗೆ ಮೊದಲು ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ. ಅದರಿಂದ ಲೆಕ್ಕ ಹಾಕುವ, ಮೂತ್ರಪಿಂಡ ಎಷ್ಟು ಸೋಸುತ್ತದೆಂದು ತಿಳಿಸುವ ಇ-ಜಿಎಫ್‌ಆರ್ 30ಕ್ಕಿಂತ ಕಡಿಮೆಯಿದ್ದರೆ ಡೈ ಕೊಡುವ ಮುನ್ನ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಹಿಂದೆ ಡೈಯಿಂದ ಅಲರ್ಜಿ ಆಗಿದ್ದರೆ, ಗರ್ಭಿಣಿಯಾಗಿದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸೂಜಿ ಹಾಕಿದ ಕಡೆ ಊದಿಕೊಂಡು ಉರಿ ಬಂದರೆ ಅಲ್ಲೇ, ಆಗಲೇ ಕೂಗಿ ಹೇಳಿ. ಮಾತ್ರೆ ಚೀಟಿ, ಹಳೆಯ ರಿಪೋರ್ಟು ಜೊತೆಗಿದ್ದರೆ ಯಾವ ಕ್ರಮ ನಿಮಗೆ ಹೊಂದುತ್ತದೆಂದು ತೀರ್ಮಾನಿಸುವುದು ವೈದ್ಯರಿಗೆ ಸುಲಭ.